ಮೇನ್ ಸ್ವಿಚ್ ಆರಿಸಿದರೂ ಮಿನುಗುವ ಮೀಟರ್

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಫ್ಯಾನನ್ನೂ ಹಾಕದ ನಮ್ಮ ಮನೆಗೆ ಎಂದಿನ ಮೂರು ಪಟ್ಟು ವಿದ್ಯುತ್ ಬಿಲ್ ಬಂದಾಗ, ದೂರು ಕೊಡುವ ಮೊದಲು ಮೇನ್ ಸ್ವಿಚ್ ಆರಿಸಿ ಮೀಟರಿನ ಮುಂದೆ ನಿಂತು ನೋಡಿದೆ. ಅದರ ಕೆಂಪು ದೀಪ ಆಗಲೂ ಮಿನುಗುತ್ತಲೇ ಇತ್ತು. ನಮ್ಮ ಮೀಟರಿನ ಮೇಲೆ 3200 ಎಂದಿದೆ, ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಮನೆಯೊಳಗಿನ ವೈರಿಂಗ್‌ನಲ್ಲಿ ಸೋರಿಕೆಯಿದ್ದಿದ್ದರೆ (ಹಳೆಯ ಮನೆಗಳ ತೇವದ ಗೋಡೆಗಳಲ್ಲಿ ಅದೂ ಉಂಟು) ಮೇನ್ ಆರಿಸಿದೊಡನೆ ಮಿನುಗು ನಿಲ್ಲಬೇಕಿತ್ತು. ನಿಲ್ಲದ್ದರಿಂದ ಅನುಮಾನ ಮೀಟರಿನ ಮೇಲೇ ಹೋಯಿತು.

ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಮೊದಲು ಪೂರ್ತಿ ಹಣ ಕಟ್ಟಬೇಕೆಂಬ ವಿದ್ಯುತ್ ಕಚೇರಿಯವರ ಮಾತನ್ನು ನಾನು ಒಪ್ಪಲಿಲ್ಲ. ಏಕೆಂದರೆ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ, ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ. ಸರಾಸರಿಯನ್ನು ಕಟ್ಟಿದ್ದೇನೆ, ಪರೀಕ್ಷೆ ನನ್ನ ಸಮ್ಮುಖದಲ್ಲೇ ನಡೆಯಬೇಕೆಂದೂ ಬರೆದುಕೊಟ್ಟಿದ್ದೇನೆ.