ಅಂದು ಸಂಜೆ ನಾನು ಅವರನ್ನು ಮಾತಾಡಿಸಬಾರದಿತ್ತು

ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮಳೆಗಾಲದಲ್ಲಿ ಧರೆ ಕುಸಿಯಲಿ, ಕೊನೆಗಾರ ಅಡಿಕೆ ಮರದಿಂದ ಬೀಳಲಿ, ತುಂಗೆಯಲ್ಲಿ ಯಾರಾದರೂ ಕೊಚ್ಚಿಹೋಗಲಿ, ಅಗ್ನಿಶಾಮಕದ ಗಾಡಿ ಘಾಟಿ ರಸ್ತೆ ಸುತ್ತಿ ಬರುವ ಮೊದಲೇ ಓಡುವವರು ಊರಿನ ಹುಡುಗ ಹುಡುಗಿಯರು.

ಕೆಲವು ವರ್ಷಗಳ ಹಿಂದೆ ಎರಡು ದಿನ ಹುಡುಕಿದ ಮೇಲೆ ಹೊಳೆಯಲ್ಲಿ ಒಂದು ಶವ ಸಿಕ್ಕಿತು. ಅಂದು ಸಂಜೆಯೇ ಒಂಬತ್ತು ಜನರನ್ನು ಸಮುದಾಯ ಭವನದಲ್ಲಿ ಸುತ್ತ ಕೂರಿಸಿದೆ. ಬಟ್ಟೆ ಇನ್ನೂ ಒದ್ದೆ. ಬೆಳಗಿನಿಂದ ಯಾರೂ ಸರಿಯಾಗಿ ಉಂಡಿರಲಿಲ್ಲ. "ಒಳಗೆ ಇಟ್ಟುಕೊಳ್ಳಬೇಡಿ, ಕಂಡಿದ್ದೆಲ್ಲ ಹೇಳಿಬಿಡಿ" ಅಂದೆ. ಶವ ಎತ್ತಿದ ಹುಡುಗ ಹೇಳಿದ, ಒಂದೂ ಬಿಡದೆ. ಹೇಳುವಷ್ಟು ಹೊತ್ತೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ನಾಲ್ಕನೇ ದಿನ ಒಬ್ಬ ಹುಡುಗಿಯ ಅಮ್ಮ ಫೋನ್ ಮಾಡಿದರು. ಮಗಳು ರಾತ್ರಿ ದೀಪ ಆರಿಸಲು ಬಿಡುತ್ತಿಲ್ಲವಂತೆ. ಅವಳು ಅಂದು ರಸ್ತೆಯ ಮೇಲೆ ನಿಂತು ಫೋನ್ ಕರೆಗಳನ್ನು ನೋಡಿಕೊಂಡವಳು, ನೀರಿನ ಹತ್ತಿರವೂ ಹೋಗಿರಲಿಲ್ಲ. ಮನೆಗೆ ಹೋದೆ. "ನಾನು ಎಂತದೂ ನೋಡಿಲ್ಲ ಅಕ್ಕ. ಅವನು ಹೇಳಿದ್ದೇ ಕಣ್ಣಿಗೆ ಕಟ್ತದೆ" ಅಂದಳು.

ಆ ಕಟ್ಟಿದ್ದಕ್ಕೆ ಕಾರಣ ನಾನು.

ನಾನು ಮಾಡಿದ್ದರ ಮೂಲ 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತು ಸೇವೆಯ ಸಿಬ್ಬಂದಿಗಾಗಿ ಬರೆದ ಡಿಬ್ರೀಫಿಂಗ್ ಕ್ರಮ, ಅಂದರೆ ಘಟನೆಯ ನಂತರ ಎಲ್ಲರನ್ನೂ ಕೂರಿಸಿ ಕಂಡದ್ದನ್ನು ಹೇಳಿಸುವುದು. ಯಾರೋ ಹೇಳಿಕೊಟ್ಟಿದ್ದನ್ನು ಹಾಗೇ ಒಪ್ಪಿಕೊಂಡಿದ್ದೆ. ಘಟನೆ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸಿದರೆ ಮುಂದಿನ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಲೂಬಹುದು ಎಂದು, ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆಯೇ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ದಾರಿ ಬೇರೆ: ನೋಡು, ಕೇಳಿಸಿಕೋ, ಬೇಕಾದವರೊಂದಿಗೆ ಸೇರಿಸು. ಕೇಳಿಸಿಕೊಳ್ಳುವುದೆಂದರೆ ಅವರಾಗಿ ಆಡಿದ್ದನ್ನು ಕೇಳುವುದು. ಕೆದಕುವುದಲ್ಲ.

ಈಗ ಮೊದಲು ಒಣ ಬಟ್ಟೆ, ಬಿಸಿ ಗಂಜಿ. ಯಾರನ್ನೂ ಒಬ್ಬರೇ ಮನೆಗೆ ಕಳಿಸುವುದಿಲ್ಲ, ಅಂದು ರಾತ್ರಿ ಕುಡಿಯಬೇಡಿ ಎಂದು ಹುಡುಗರಿಗೆ ನೇರವಾಗಿಯೇ ಹೇಳುತ್ತೇನೆ. ಕೆಲವು ದಿನ ನಿದ್ದೆ ಕೆಡಬಹುದು, ಕಂಡದ್ದೇ ಮತ್ತೆ ಕಣ್ಣ ಮುಂದೆ ಬರಬಹುದು, ಅದು ಹುಚ್ಚಲ್ಲ ಅನ್ನುವುದನ್ನೂ ಹೇಳುತ್ತೇನೆ. ಮಾತಾಡಬೇಕು ಅನಿಸಿದವರ ಜೊತೆ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಸುಮ್ಮನೆ ಹಗ್ಗ ಸುತ್ತುತ್ತಾ ಕೂತವನನ್ನು ಸುತ್ತಲು ಬಿಡುತ್ತೇನೆ.

ಮೂರನೇ ದಿನ ಎಲ್ಲರಿಗೂ ಫೋನ್. "ಹೇಗಿದ್ದೀಯ" ಅಂದರೆ ನಮ್ಮ ಹುಡುಗರು "ಆರಾಮ್ ಅಕ್ಕ" ಅಂತಾರೆ, ಅಲ್ಲಿಗೆ ಮುಗಿಯಿತು. ಅದಕ್ಕೇ "ನಿನ್ನೆ ಎಷ್ಟೊತ್ತಿಗೆ ನಿದ್ದೆ ಬಂತು? ಊಟ ಸೇರ್ತದಾ? ತೋಟಕ್ಕೆ ಹೋದ್ಯಾ?" ಎಂದು ಕೇಳುತ್ತೇನೆ. ತಿಂಗಳಾದರೂ ಸರಿಹೋಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ನಾನೇ ಜೊತೆಗೆ ಹೋಗುತ್ತೇನೆ. ಸಾಯುವ ಮಾತು ಬಂದರೆ ತಿಂಗಳು ಕಾಯುವುದಿಲ್ಲ, ಅಂದೇ ಹೊರಡುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಪ್ರತಿಯೊಬ್ಬರ ಮೊಬೈಲಿನಲ್ಲೂ ತರಬೇತಿಯ ಮೊದಲ ದಿನವೇ ಸೇವ್ ಮಾಡಿಸುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.