ಧಾರವಾಡ ಸ್ಟೇಷನ್ ಅಲ್ಲಿಗೆ ಕೇಳುತ್ತದಾ?

ಬೆಳಿಗ್ಗೆ ರೇಡಿಯೋ ಹಚ್ಚಿದಾಗ ಸುಮ್ನೆ ಹೊಳೆದದ್ದು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಟೌ ಸೆಟಿ ನಕ್ಷತ್ರ ಇರುವುದು ಸುಮಾರು 12 ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಬೆಳಕಾಗಲಿ ರೇಡಿಯೋ ತರಂಗವಾಗಲಿ ಮುಟ್ಟಲು 12 ವರ್ಷ ಬೇಕು. ನಮ್ಮ ವಚನಗಾಯನ ಅಲ್ಲಿಗೆ ಎಂದೋ ಮುಟ್ಟಿರಬೇಕಲ್ವಾ? ಇಲ್ಲ. ಮೀಡಿಯಂ ವೇವ್ ಬಹುಪಾಲು ಭೂಮಿ ಬಿಟ್ಟು ಹೋಗುವುದೇ ಇಲ್ಲ. ರಾತ್ರಿ ವಾತಾವರಣದ ಮೇಲ್ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಎಫ್‌ಎಂ ದಾಟುತ್ತದೆ, ಆದರೆ ಅಷ್ಟು ದೂರಕ್ಕೆ ತೀರಾ ಕ್ಷೀಣ.

ಇದೇ ಟೌ ಸೆಟಿ ಕಡೆ 1960ರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನ ಆಂಟೆನಾ ತಿರುಗಿಸಿ, ಅಲ್ಲಿಂದ ಯಾರಾದರೂ ಸಂಕೇತ ಕಳಿಸುತ್ತಿದ್ದಾರಾ ಎಂದು ಕಿವಿಗೊಟ್ಟಿದ್ದರು. ಅದೂ 1420 ಮೆಗಾಹರ್ಟ್ಜ್‌ನಲ್ಲಿ, ಹೈಡ್ರೋಜನ್ ತಾನಾಗಿಯೇ ಹೊರಡಿಸುವ ತರಂಗದ ಹತ್ತಿರ. ರೇಡಿಯೋ ಬಲ್ಲವರು ಎಲ್ಲೇ ಇದ್ದರೂ ಈ ತರಂಗ ಗೊತ್ತಿರುತ್ತದೆ ಎಂಬ ಲೆಕ್ಕ. ನನಗೆ ಜಾಸ್ತಿ ಹಿಡಿಸಿದ್ದು ಈ ಜಾಣತನ. ಏನೂ ಸಿಗಲಿಲ್ಲ. ಅಲ್ಲಿ ಯಾರಾದರೂ ಇದ್ದು, ಅವರೂ ನಮ್ಮ ಹಾಗೆ ಬರೀ ಕೇಳಿಸಿಕೊಳ್ಳುತ್ತಾ ಕೂತಿದ್ದರೆ?