ಅವಳು ಓಡ್ತಿದ್ದಾಳೆ, ಇದು ಪ್ರೇಮದ ಚಿತ್ರ ಹೇಗೆ?

ಇಟಲಿಯ ಚಿತ್ರಕಾರ ಟಿಷಿಯನ್ ಬರೆದ ‘ಬಾಕಸ್ ಮತ್ತು ಅರಿಯಾಡ್ನೆ’ ನನಗೆ ತುಂಬ ಇಷ್ಟದ ಚಿತ್ರ. ಯಾರಿಗೆ ತೋರಿಸಿದರೂ ಒಂದೇ ಪ್ರಶ್ನೆ: “ಇಬ್ಬರೂ ಕೈ ಕೂಡ ಹಿಡಿದಿಲ್ಲ. ಅವಳು ಹೆದರಿ ಓಡ್ತಿದ್ದಾಳೆ ಅಲ್ವಾ? ಇದರಲ್ಲಿ ಪ್ರೇಮ ಎಲ್ಲಿದೆ?”

ಹೆದರಿದ್ದಾಳೆ, ನಿಜ. ಹೆದರದೆ ಇನ್ನೇನು ಮಾಡ್ತಾಳೆ? ಈ ಅರಿಯಾಡ್ನೆ ಗ್ರೀಕ್ ಪುರಾಣದ ಕ್ರೀಟ್ ದ್ವೀಪದ ರಾಜಕುಮಾರಿ. ಅಥೆನ್ಸಿನ ರಾಜಕುಮಾರ ಥೀಸಿಯಸ್‌ನನ್ನು ನಂಬಿದಳು. ಚಕ್ರವ್ಯೂಹದಂಥ ಕಟ್ಟಡದೊಳಗಿದ್ದ ಗೂಳಿ ತಲೆಯ ರಾಕ್ಷಸ ಮಿನೋಟಾರ್‌ನನ್ನು ಕೊಂದ ಮೇಲೆ ಅವನಿಗೆ ಹೊರಗೆ ಬರುವ ದಾರಿ ಸಿಗಲಿ ಅಂತ ದಾರದ ಉಂಡೆ ಕೊಟ್ಟಳು. ಅಪ್ಪನ ಮನೆ ಬಿಟ್ಟು ಅವನ ಹಡಗು ಹತ್ತಿದಳು. ನಾಕ್ಸೋಸ್ ದ್ವೀಪದಲ್ಲಿ ಅವಳು ಮಲಗಿದ್ದಾಗ ಅವನು ಹೊರಟುಬಿಟ್ಟ. ಚಿತ್ರದ ಎಡಕ್ಕೆ, ದೂರದ ಸಮುದ್ರದಲ್ಲಿ ಪುಟ್ಟದಾಗಿ ಕಾಣುವುದು ಅದೇ ಹಡಗು.

ಈಗ ಅವಳ ಮೈ ನೋಡಿ. ಕೈ ಇನ್ನೂ ಸಮುದ್ರದ ಕಡೆಗೇ ಚಾಚಿದೆ. ಮುಖ ಮಾತ್ರ ಮದ್ಯದ ದೇವರು ಬಾಕಸ್‌ನ ಕಡೆ ತಿರುಗಿದೆ. ಅವನೋ ರಥದಿಂದ ಹಾರುತ್ತಿದ್ದಾನೆ, ಪಾದ ಇನ್ನೂ ನೆಲ ಮುಟ್ಟಿಲ್ಲ. ರೋಮನ್ ಕವಿ ಓವಿಡ್ ಹೇಳುವಂತೆ ಅವಳು ಮೂರು ಸಲ ಓಡಲು ನೋಡಿದಳು, ಮೂರು ಸಲವೂ ಭಯವೇ ಅವಳನ್ನು ಹಿಡಿದು ನಿಲ್ಲಿಸಿತು. ಆಮೇಲೆ ಬಾಕಸ್ ಹೆದರಬೇಡ ಅನ್ನುತ್ತಾನೆ. ಟಿಷಿಯನ್ ಆರಿಸಿಕೊಂಡದ್ದು ಆ ಮಾತಿಗೂ ಮುಂಚಿನ ಗಳಿಗೆಯನ್ನು. ಒಮ್ಮೆ ಮೋಸ ಹೋದವಳು ಮತ್ತೊಬ್ಬನ ಮುಖ ನೋಡುವ ಗಳಿಗೆ ಅದು. ನನಗೆ ಪ್ರೇಮ ಕಾಣುವುದು ಅಲ್ಲೇ. ಅಪ್ಪಿಕೊಂಡಿರುವ ಜೋಡಿಗಳ ಚಿತ್ರಗಳು ಬೇಕಾದಷ್ಟಿವೆ, ಇಷ್ಟು ಸತ್ಯವಾದದ್ದು ಅವುಗಳಲ್ಲಿ ಕಡಿಮೆ.

ಬಲಗಡೆ ಬಾಕಸ್‌ನ ಪರಿವಾರದ ಗದ್ದಲವೋ ಗದ್ದಲ. ತಾಳ ಬಡಿಯುವವಳು, ಮೈಗೆ ಹಾವು ಸುತ್ತಿಕೊಂಡವನು, ಕರುವಿನ ತಲೆ ಎಳೆಯುವ ಮರಿ ಸಟೈರ್ (ಅರ್ಧ ಮನುಷ್ಯ, ಅರ್ಧ ಮೇಕೆ), ಬೊಗಳುವ ನಾಯಿ. ರಥಕ್ಕೆ ಕಟ್ಟಿದ ಎರಡು ಚೀತಾಗಳು ಮಾತ್ರ ಒಂದನ್ನೊಂದು ಶಾಂತವಾಗಿ ನೋಡುತ್ತಿವೆ. ಅರಿಯಾಡ್ನೆಯ ಬಟ್ಟೆಯ ಆ ಗಾಢ ನೀಲಿ ಅಫ್ಘಾನಿಸ್ತಾನದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡುತ್ತಿದ್ದ ಬಣ್ಣ. ಆಗ ಅದು ತೀರಾ ದುಬಾರಿ. ಆದರೆ ಬರೆಸಿದವನು ಇಟಲಿಯ ಫೆರಾರದ ದೊರೆ ಅಲ್ಫೋನ್ಸೊ ದೆಸ್ತೆ, ಅದೂ ತನ್ನ ಖಾಸಗಿ ಕೋಣೆಗೆ. ಮೊದಲು ಇನ್ನೊಬ್ಬ ಚಿತ್ರಕಾರ ರಾಫೆಲ್‌ಗೆ ಹೇಳಿದ್ದ, 1520ರಲ್ಲಿ ರಾಫೆಲ್ ತೀರಿಕೊಂಡ. ಟಿಷಿಯನ್ 1523ರ ಹೊತ್ತಿಗೆ ಇದನ್ನು ಮುಗಿಸಿಕೊಟ್ಟ.

“ಆಮೇಲೆ ಮದುವೆ ಆಯ್ತಾ?” ಅಂತಲೂ ಕೇಳುತ್ತಾರೆ. ಆಯ್ತು. ಅವಳ ತಲೆಯ ಮೇಲಿನ ಆಕಾಶದಲ್ಲಿ ನಕ್ಷತ್ರಗಳ ಬಳೆಯೊಂದಿದೆ. ಬಾಕಸ್ ಅವಳ ಕಿರೀಟವನ್ನು ನಕ್ಷತ್ರ ಮಾಡಿದನಂತೆ, ಅದೇ ಉತ್ತರ ಕಿರೀಟ ಪುಂಜ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಗಲವೇ ಸುಮಾರು ಎರಡು ಮೀಟರ್. ಮೊಬೈಲಿನಲ್ಲಿ ನೋಡುವವರು ಎಡಗಡೆಯನ್ನು ದೊಡ್ಡದು ಮಾಡಿಕೊಂಡು ನೋಡಿ, ಇಲ್ಲದಿದ್ದರೆ ಹಡಗು ಕಣ್ಣಿಗೇ ಬೀಳುವುದಿಲ್ಲ.